ಆರು ಕಂಪ್ಯೂಟರ್‌ಗೆ ಒಂದೇ ಪ್ರಿಂಟರ್: ಟೈಮ್‌ಔಟ್ ಎಷ್ಟಿಡಬೇಕು?

ನೀವು ಕೇಳಿದ್ದು ಇಷ್ಟು: ಆಫೀಸಿನ ಆರು ಕಂಪ್ಯೂಟರ್‌ಗಳು ಒಂದು ಪ್ರಿಂಟ್ ಸರ್ವರ್ ಡಬ್ಬಿಯ ಮೂಲಕ ಒಂದೇ ಲೇಸರ್ ಪ್ರಿಂಟರ್ ಬಳಸುತ್ತವೆ. ದೊಡ್ಡ ಪಿಡಿಎಫ್ ಕೊಟ್ಟರೆ ಅರ್ಧಕ್ಕೆ ನಿಂತು, ಆಮೇಲೆ ಹಾಳೆಗಟ್ಟಲೆ ತಲೆಬುಡವಿಲ್ಲದ ಅಕ್ಷರ ಬರುತ್ತದೆ. ಟೈಮ್‌ಔಟ್ (ಡೇಟಾ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕ) ಜಾಸ್ತಿ ಮಾಡಿದರೆ ಸರಿಹೋಗುತ್ತಾ?

ಹೋಗುತ್ತದೆ, ಆದರೆ ಬೇರೆ ತಲೆನೋವು ಶುರುವಾಗುತ್ತದೆ. ನಾನು ಬಸವನಗುಡಿಯ ಒಂದು ಆಡಿಟರ್ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಎಸ್.ಪಿ. ರೋಡಿನಿಂದ ತಂದ ಅಂಥದ್ದೇ ಡಬ್ಬಿ ನಮ್ಮಲ್ಲೂ ಇದೆ. ಇದೇ ತೊಂದರೆ ಬಂದಾಗ ಹಿಂದೆಮುಂದೆ ನೋಡದೆ ಟೈಮ್‌ಔಟನ್ನು 3600 ಸೆಕೆಂಡಿಗೆ ಏರಿಸಿಬಿಟ್ಟೆ. ಸೆಪ್ಟೆಂಬರ್ ಕೊನೆಯ ವಾರ, ಆಡಿಟ್ ರಿಪೋರ್ಟ್‌ಗಳ ಗಡಿಬಿಡಿ. ಒಬ್ಬರು ಪ್ರಿಂಟ್ ಕೊಟ್ಟು, ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋದರು. ಅವರು ಬರುವ ತನಕ ಮಿಕ್ಕವರಿಗೆ ಒಂದು ಹಾಳೆಯೂ ಬರಲಿಲ್ಲ. ಪ್ರಿಂಟ್ ಕೆಲಸ ಡಬ್ಬಿಯೊಳಗೆ ಹೋಗುವ ಬಾಗಿಲಾದ 9100 ಪೋರ್ಟಿನಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಬ್ಬರಿಗೇ ಜಾಗ ಅಲ್ವಾ, ಟೈಮ್‌ಔಟ್ ಮುಗಿಯದೆ ಅದು ಬಿಡುವುದಿಲ್ಲ. ಬೈಗುಳ ತಿಂದದ್ದು ನಾನು.

ಆ ವಿಚಿತ್ರ ಅಕ್ಷರ ಬರುವುದು ಹೀಗೆ. ಮಧ್ಯೆ ಸ್ವಲ್ಪ ಹೊತ್ತು ಡೇಟಾ ಬರದಿದ್ದರೆ ಪ್ರಿಂಟರ್ ಕೆಲಸ ಮುಗಿಯಿತು ಎಂದುಕೊಳ್ಳುತ್ತದೆ. ಆಮೇಲೆ ಬಂದ ಉಳಿದರ್ಧವನ್ನು ಹೊಸ ಕೆಲಸ ಎಂದು ತಿಳಿಯುತ್ತದೆ. ಇದು ಪಿಸಿಎಲ್ಲೋ ಪೋಸ್ಟ್‌ಸ್ಕ್ರಿಪ್ಟೋ (ಎರಡೂ ಪ್ರಿಂಟರಿನ ಭಾಷೆಗಳು) ಎಂದು ಹೇಳುವ ಸಾಲು ಮೊದಲರ್ಧದ ಜೊತೆಗೇ ಹೋಗಿದೆ. ಹಾಗಾಗಿ ಎಲ್ಲವನ್ನೂ ಬರೀ ಅಕ್ಷರ ಎಂದು ಒತ್ತುತ್ತದೆ.

ಡೇಟಾ ನಿಲ್ಲುವುದೇಕೆ? ವಿಂಡೋಸ್ ಮೊದಲ ಪುಟ ಸಿದ್ಧವಾದ ಕೂಡಲೇ ಕಳಿಸಲು ಶುರು ಮಾಡುತ್ತದೆ. ಮಧ್ಯೆ ಸ್ಕ್ಯಾನ್ ಮಾಡಿದ ಕ್ರಯಪತ್ರದಂಥ ಭಾರದ ಪುಟ ಸಿಕ್ಕರೆ ಕಂಪ್ಯೂಟರ್ ಅದನ್ನೇ ಅರೆಯುತ್ತಾ ಕೂರುತ್ತದೆ. ಆದ್ದರಿಂದ ಟೈಮ್‌ಔಟಿಗೆ ಕೈ ಹಾಕುವ ಮೊದಲು ಆರೂ ಕಂಪ್ಯೂಟರ್‌ಗಳಲ್ಲಿ ಪ್ರಿಂಟರ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬ್ ತೆಗೆಯಿರಿ. 'ಸ್ಟಾರ್ಟ್ ಪ್ರಿಂಟಿಂಗ್ ಆಫ್ಟರ್ ಲಾಸ್ಟ್ ಪೇಜ್ ಈಸ್ ಸ್ಪೂಲ್ಡ್' ಆರಿಸಿ. ಅಲ್ಲೇ ಕೆಳಗೆ 'ಎನೇಬಲ್ ಅಡ್ವಾನ್ಸ್ಡ್ ಪ್ರಿಂಟಿಂಗ್ ಫೀಚರ್ಸ್' ಟಿಕ್ ತೆಗೆಯಿರಿ. ಆಗ ಪುಟಗಳೆಲ್ಲ ಪ್ರಿಂಟರಿನ ಭಾಷೆಗೆ ಬದಲಾದ ಮೇಲೇ ಹೊರಡುತ್ತವೆ. ಮೊದಲ ಹಾಳೆ ಸ್ವಲ್ಪ ತಡ, ಅಷ್ಟೆ. ನಮ್ಮಲ್ಲಿ ಮುಕ್ಕಾಲು ಪಾಲು ಗೋಳು ಇದರಿಂದಲೇ ಮುಗಿಯಿತು.

ಇನ್ನು ಟೈಮ್‌ಔಟ್. ಡಬ್ಬಿಯಲ್ಲೊಂದು, ಪ್ರಿಂಟರ್ ಮೆನುವಿನಲ್ಲಿ ಐ/ಓ ಟೈಮ್‌ಔಟ್ ಅಂತ ಇನ್ನೊಂದು ಇರುತ್ತದೆ. ಎರಡರಲ್ಲೂ 90 ಸೆಕೆಂಡ್ ಇಡಿ. ಒಂದರಲ್ಲಿ ಕಮ್ಮಿಯಿದ್ದರೆ ಅದೇ ಕತ್ತರಿ ಹಾಕುತ್ತದೆ. ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಆಗಿದ್ದರೆ ಡಿವೈಸ್ ಸೆಟ್ಟಿಂಗ್ಸ್‌ನಲ್ಲಿ ವೇಟ್ ಟೈಮ್‌ಔಟ್ ಸಾಮಾನ್ಯವಾಗಿ 300 ಇರುತ್ತದೆ, ಅದನ್ನು ಹಾಗೇ ಬಿಡಿ.

ಮುಂದೆ ಡಬ್ಬಿ ಬದಲು ಲಿನಕ್ಸ್‌ನ ಕಪ್ಸ್ (ಪ್ರಿಂಟ್ ಕೆಲಸಗಳ ಸಾಲು ನೋಡಿಕೊಳ್ಳುವ ಸಾಫ್ಟ್‌ವೇರ್) ಹಾಕುವುದಾದರೆ ಎರರ್ ಪಾಲಿಸಿ, ಅಂದರೆ ತೊಂದರೆ ಬಂದಾಗ ಏನು ಮಾಡಬೇಕೆಂಬ ಸೆಟ್ಟಿಂಗ್, ನೋಡಿ. ಅದು 'ಸ್ಟಾಪ್ ಪ್ರಿಂಟರ್' ಎಂದಿದ್ದರೆ ಒಂದು ಸಲ ಕರೆಂಟ್ ಹೋಗಿ ಬಂದರೂ ಸಾಲು ಪೂರ್ತಿ ನಿಂತುಬಿಡಬಹುದು. 'ರಿಟ್ರೈ ಕರೆಂಟ್ ಜಾಬ್' ಮಾಡಿಕೊಳ್ಳಿ.

ಮತ್ತೆ, ಸೇವ್ ಒತ್ತಿದ ಮೇಲೆ ಡಬ್ಬಿಯ ಪ್ಲಗ್ ಒಮ್ಮೆ ಕಿತ್ತು ಹಾಕಿ. ನಮ್ಮದು ಹಾಗೆ ಮಾಡದಿದ್ದರೆ ಹೊಸ ಸೆಟ್ಟಿಂಗ್ ತೆಗೆದುಕೊಳ್ಳುವುದಿಲ್ಲ.