ಒಂದೇ ಸಾಲಿನ ಬ್ರೆಡ್ ಲೆಕ್ಕ: ಲೆನಿನ್‌ಗ್ರಾಡ್ ಮುತ್ತಿಗೆಯ ತಾರೀಖುಗಳನ್ನು ಓದುವ ಬಗೆ

ಪ್ರಶ್ನೆ: ಎರಡನೇ ಮಹಾಯುದ್ಧದ ಘಟನೆಗಳನ್ನು ತಾರೀಖುವಾರು ದಾಖಲಿಸಿದ ಪುಸ್ತಕವೊಂದನ್ನು ಓದುತ್ತಿದ್ದೇನೆ. 1941ರ ನವೆಂಬರ್ 20ರ ಕೆಳಗೆ ಉತ್ತರ ಆಫ್ರಿಕಾದ ಟ್ಯಾಂಕ್ ಕಾಳಗದ ದೀರ್ಘ ವಿವರವಿದ್ದು, ಕೊನೆಯಲ್ಲಿ ಲೆನಿನ್‌ಗ್ರಾಡಿನ ಬ್ರೆಡ್ ಪಡಿತರ 125 ಗ್ರಾಂಗೆ ಇಳಿಯಿತೆಂಬ ಒಂದು ಸಾಲು ಇದೆ. ಡಿಸೆಂಬರ್ 25ರಂದು ಹಾಂಗ್‌ಕಾಂಗ್ ಶರಣಾದ ಸುದ್ದಿಯ ಜೊತೆಗೆ, ಅದೇ ಪಡಿತರ ಹೆಚ್ಚಿತೆಂಬ ಇನ್ನೊಂದು ಸಾಲು ಇದೆ. ಪಡಿತರದ ಈ ಏರಿಳಿತಕ್ಕೂ ರಣರಂಗಕ್ಕೂ ನೇರ ಸಂಬಂಧವಿತ್ತೇ? ಉಗ್ರಾಣಗಳಿಗೆ ಬಿದ್ದ ಬೆಂಕಿಯೇ ಆ ನಗರದ ಹಸಿವಿಗೆ ಕಾರಣ ಎನ್ನುವುದು ಸರಿಯೇ?

ಉತ್ತರ: ಸಂಬಂಧ ನೇರವಾಗಿಯೇ ಇತ್ತು. ಆದರೆ ತಾರೀಖುವಾರು ಪುಸ್ತಕಗಳಲ್ಲಿ ಕಾರಣ ಒಂದು ಪುಟದಲ್ಲಿದ್ದರೆ ಪರಿಣಾಮ ಹತ್ತು ಪುಟಗಳಾಚೆ ಇರುತ್ತದೆ. ಆ ಕಾರಣಕ್ಕೇ ಅದು ಓದುಗರ ಕಣ್ತಪ್ಪುತ್ತದೆ. ನೀವು ಗುರುತಿಸಿದ ಎರಡು ಸಾಲುಗಳ ಜೊತೆಗೆ ಅದೇ ಪುಸ್ತಕದ ನವೆಂಬರ್ 8 ಮತ್ತು ಡಿಸೆಂಬರ್ 9ರ ಪುಟಗಳನ್ನೂ ತೆರೆದಿಟ್ಟುಕೊಳ್ಳಿ. ಮೊದಲನೆಯದು ಜರ್ಮನ್ ಪಡೆಗಳು ಟಿಖ್ವಿನ್ ಎಂಬ ಸಣ್ಣ ಪಟ್ಟಣವನ್ನು ಹಿಡಿದ ದಿನ. ಎರಡನೆಯದು ಸೋವಿಯತ್ ಸೈನ್ಯ ಅದನ್ನು ಮರಳಿ ಪಡೆದ ದಿನ. ಟಿಖ್ವಿನ್ ಕೈತಪ್ಪಿದ ಹನ್ನೆರಡು ದಿನಕ್ಕೆ ಪಡಿತರ ತಳ ಮುಟ್ಟಿತು, ಕೈಸೇರಿದ ಹದಿನಾರು ದಿನಕ್ಕೆ ಏರಿತು.

ಆ ಊರಿಗೆ ಇಷ್ಟು ಮಹತ್ವ ಬಂದದ್ದು ಅಲ್ಲಿನ ರೈಲುಮಾರ್ಗದಿಂದ. 1941ರ ಸೆಪ್ಟೆಂಬರ್ 8ರಂದು ಶ್ಲಿಸೆಲ್‌ಬುರ್ಗ್ ಜರ್ಮನ್ನರ ವಶವಾದಾಗ ಲೆನಿನ್‌ಗ್ರಾಡಿಗೆ ಇದ್ದ ಕೊನೆಯ ನೆಲದ ದಾರಿಯೂ ಮುಚ್ಚಿಹೋಯಿತು. ಉತ್ತರದ ಕರೇಲಿಯನ್ ಭೂಸಂಧಿಯಲ್ಲಿ ಫಿನ್ಲೆಂಡಿನ ಸೈನ್ಯ ನಿಂತಿತ್ತು. ನಗರದೊಳಗೆ ಸಿಕ್ಕಿಕೊಂಡಿದ್ದವರು ನಾಲ್ಕು ಲಕ್ಷ ಮಕ್ಕಳೂ ಸೇರಿದಂತೆ ಸುಮಾರು 25 ಲಕ್ಷ ನಾಗರಿಕರು. ನಗರವನ್ನು ನುಗ್ಗಿ ಗೆಲ್ಲುವ ಬದಲು ಸುತ್ತುಗಟ್ಟಿ ಉಪವಾಸ ಕೆಡವುವುದೇ ಹಿಟ್ಲರನ ತೀರ್ಮಾನವಾಗಿತ್ತು. ಉಳಿದದ್ದು ಪೂರ್ವಕ್ಕಿರುವ ಲಡೋಗ ಸರೋವರದ ದಾರಿ ಮಾತ್ರ. ದೇಶದ ಒಳಭಾಗದಿಂದ ಬಂದ ಧಾನ್ಯ ಟಿಖ್ವಿನ್ ಮೂಲಕ ರೈಲಿನಲ್ಲಿ ಸಾಗಿ, ಸರೋವರದ ದಂಡೆಯಲ್ಲಿ ದೋಣಿಗಳಿಗೆ ತುಂಬಿಕೊಂಡು ನಗರದ ಕಡೆ ಬರಬೇಕಿತ್ತು. ನವೆಂಬರಿನಲ್ಲಿ ಟಿಖ್ವಿನ್ ಬಿದ್ದಾಗ ರೈಲು ನಿಂತಿತು. ಅದೇ ದಿನಗಳಲ್ಲಿ ಸರೋವರ ಹೆಪ್ಪುಗಟ್ಟತೊಡಗಿ ದೋಣಿಗಳೂ ನಿಂತವು, ಆದರೆ ಲಾರಿಯ ಭಾರ ಹೊರುವಷ್ಟು ಮಂಜುಗಡ್ಡೆ ಇನ್ನೂ ಗಟ್ಟಿಯಾಗಿರಲಿಲ್ಲ. 125 ಗ್ರಾಂ ಎಂಬ ಅಂಕಿ ಹುಟ್ಟಿದ್ದು ಈ ಸಂದಿಯಲ್ಲಿ.

ಪಡಿತರ ಒಮ್ಮೆಲೇ ಕುಸಿಯಲಿಲ್ಲ. ಸೆಪ್ಟೆಂಬರ್ 2ರಂದು ಕಾರ್ಮಿಕರಿಗೆ ದಿನಕ್ಕೆ 600 ಗ್ರಾಂ ಬ್ರೆಡ್ ಇದ್ದದ್ದು 12ರಂದು 500ಕ್ಕೂ ಅಕ್ಟೋಬರ್ 1ರಂದು 400ಕ್ಕೂ ಇಳಿಯಿತು. ಟಿಖ್ವಿನ್ ಪತನವಾದಾಗ ಮೊದಲು ಕತ್ತರಿ ಬಿದ್ದದ್ದು ಸೈನಿಕರ ಪಾಲಿಗೆ. ನವೆಂಬರ್ 13ರಂದು ನಾಗರಿಕರ ಸರದಿ ಬಂದು ಕಾರ್ಮಿಕರಿಗೆ 300, ಉಳಿದವರಿಗೆ 150 ಗ್ರಾಂ ಆಯಿತು. ವಾರ ಕಳೆಯುವಷ್ಟರಲ್ಲಿ ಅದು 250 ಮತ್ತು 125ಕ್ಕೆ ಬಂತು. ಗುಮಾಸ್ತರು, ವೃದ್ಧರು, ಗೃಹಿಣಿಯರು, ಮಕ್ಕಳು ಎಲ್ಲರೂ 125 ಗ್ರಾಂ ಪಟ್ಟಿಯಲ್ಲಿದ್ದರು. ಅದೂ ನಮಗೆ ಗೊತ್ತಿರುವ ಬ್ರೆಡ್ ಅಲ್ಲ. ಹಿಟ್ಟು ಸಾಲದೆ ಮರದಿಂದ ತೆಗೆದ ಸೆಲ್ಯುಲೋಸ್, ಹತ್ತಿಬೀಜದ ಹಿಂಡಿ, ಗೋಡೆಗೆ ಅಂಟಿದ ಹಿಟ್ಟಿನ ಧೂಳು ಮುಂತಾದವನ್ನು ಬೆರೆಸಿ, ನೀರು ಹೆಚ್ಚಾಗಿ ಹಿಡಿಯುವಂತೆ ಬೇಯಿಸಿದ ಒದ್ದೆ, ಕಪ್ಪು, ಭಾರವಾದ ತುಂಡು ಅದು. ಗಾತ್ರದಲ್ಲಿ ಅಂಗೈಯೊಳಗೆ ಅಡಗುತ್ತಿದ್ದ ಆ ತುಂಡಿಗಾಗಿ ಜನ ಬೆಳಗಿನ ಜಾವದಿಂದ ಹಿಮದಲ್ಲಿ ಸಾಲುಗಟ್ಟುತ್ತಿದ್ದರು. ಪಡಿತರ ಚೀಟಿ ಕಳೆದುಕೊಳ್ಳುವುದೆಂದರೆ ಬಹುಪಾಲು ಪ್ರಾಣವನ್ನೇ ಕಳೆದುಕೊಂಡಂತೆ.

ಇನ್ನು ಬೆಂಕಿಯ ವಿಚಾರ. ಸೆಪ್ಟೆಂಬರ್ 8ರ ವಿಮಾನದಾಳಿಯಲ್ಲಿ ಬದಾಯೆವ್ ಉಗ್ರಾಣಗಳು ಹೊತ್ತಿ ಉರಿದದ್ದು ನಿಜ. ಕರಗಿದ ಸಕ್ಕರೆ ನೆಲಕ್ಕೆ ಹರಿದಿತ್ತು; ಮುಂದೆ ಹಸಿವು ಮಿತಿಮೀರಿದಾಗ ಜನ ಅಲ್ಲಿನ ಸಿಹಿ ಮಣ್ಣನ್ನು ಅಗೆದು ತಂದು, ನೀರಿನಲ್ಲಿ ಕದಡಿ ಸೋಸಿ ಕುಡಿದರು. ಆ ಹೊಗೆಯನ್ನು ಕಣ್ಣಾರೆ ಕಂಡವರು ಮುಂದಿನ ಸಂಕಟಕ್ಕೆಲ್ಲ ಅದೇ ಮೂಲವೆಂದು ನಂಬಿದ್ದರೆ ಅಚ್ಚರಿಯಿಲ್ಲ. ಆದರೆ ಲೆಕ್ಕ ಬೇರೆ ಹೇಳುತ್ತದೆ. ಆಹಾರ ಪೂರೈಕೆಯ ಹೊಣೆ ಹೊತ್ತು ಮಾಸ್ಕೋದಿಂದ ಬಂದ ದ್ಮಿತ್ರಿ ಪಾವ್ಲೋವ್ ನೀಡಿದ ಅಂಕಿಗಳ ಪ್ರಕಾರ ಅಲ್ಲಿ ಸುಟ್ಟುಹೋದದ್ದು ಸುಮಾರು 3,000 ಟನ್ ಹಿಟ್ಟು ಮತ್ತು 2,500 ಟನ್ ಸಕ್ಕರೆ. ಮುತ್ತಿಗೆಯ ಆರಂಭದಲ್ಲಿ ನಗರಕ್ಕೆ ದಿನವೊಂದಕ್ಕೇ 2,100 ಟನ್ ಹಿಟ್ಟು ಬೇಕಾಗುತ್ತಿತ್ತು. ಅಂದರೆ ಬೆಂಕಿ ನುಂಗಿದ್ದು ಒಂದೂವರೆ ದಿನದ ಹಿಟ್ಟನ್ನು. ನವೆಂಬರ್ ಕೊನೆಯ ಹೊತ್ತಿಗೆ ದಿನದ ಬಳಕೆಯನ್ನು 510 ಟನ್‌ಗೆ ಇಳಿಸಲಾಗಿತ್ತು. ಆ ಬಿಗಿಯಾದ ಲೆಕ್ಕದಲ್ಲಿ ನೋಡಿದರೂ ಸುಟ್ಟದ್ದು ಆರು ದಿನಕ್ಕೆ ಒದಗುವಷ್ಟು ಮಾತ್ರ. ಆ ಉಗ್ರಾಣಗಳು ಉಳಿದಿದ್ದರೂ ಚಳಿಗಾಲದ ಹಸಿವು ತಪ್ಪುತ್ತಿರಲಿಲ್ಲ. ನಗರವನ್ನು ಕೊಂದದ್ದು ಮುಚ್ಚಿದ ದಾರಿ, ಮತ್ತು ಆ ದಾರಿಯನ್ನು ಬೇಕೆಂದೇ ಮುಚ್ಚಿದವರು.

ನವೆಂಬರ್ 22ರಂದು ಲಾರಿಗಳ ಮೊದಲ ಸಾಲು ಹೆಪ್ಪುಗಟ್ಟಿದ ಲಡೋಗದ ಮೇಲಿಂದ ಆಚೆ ದಂಡೆಯ ಕೊಬೋನಕ್ಕೆ ಹೊರಟು, ಹಿಂದಿರುಗುವಾಗ 33 ಟನ್ ಹಿಟ್ಟು ತಂದಿತು. ಆ ಹೊತ್ತಿನ ಬಳಕೆಯ ಹದಿನೈದರಲ್ಲಿ ಒಂದು ಪಾಲೂ ಆಗದಷ್ಟು ಅಲ್ಪ ಸಾಮಗ್ರಿ ಅದು. ಅತ್ತ ಟಿಖ್ವಿನ್ ಶತ್ರುವಿನ ಕೈಯಲ್ಲಿದ್ದ ಕಾರಣ ಅದನ್ನು ಬಳಸಿ ಹೋಗುವಂತೆ ಕಾಡಿನ ನಡುವೆ 300 ಕಿಲೋಮೀಟರಿಗೂ ಉದ್ದದ ದಾರಿಯನ್ನು ಕಡಿಯಲಾಯಿತು. ಅದು ಡಿಸೆಂಬರ್ 6ರಂದು ತೆರೆಯಿತು, ಮೂರೇ ದಿನಗಳಲ್ಲಿ ಟಿಖ್ವಿನ್ ಬಿಡುಗಡೆಯಾಗಿ ಅದರ ಅಗತ್ಯವೇ ಬಹುಪಾಲು ಮುಗಿಯಿತು. ಡಿಸೆಂಬರ್ 25ರ ಏರಿಕೆ, ಅಂದರೆ ಕಾರ್ಮಿಕರಿಗೆ 350 ಮತ್ತು ಉಳಿದವರಿಗೆ 200 ಗ್ರಾಂ, ದಾಸ್ತಾನು ತುಂಬಿದ್ದರಿಂದ ಆದದ್ದಲ್ಲ. ಟಿಖ್ವಿನ್ ಮರಳಿ ಸಿಕ್ಕಿದೆ, ರೈಲು ಇನ್ನು ಬಂದೇ ಬರುತ್ತದೆ ಎಂಬ ಭರವಸೆಯ ಮೇಲೆ, ಕೈಯಲ್ಲಿ ಕೆಲವೇ ದಿನಗಳ ಹಿಟ್ಟು ಇಟ್ಟುಕೊಂಡು ತೆಗೆದುಕೊಂಡ ದಿಟ್ಟ ನಿರ್ಧಾರ ಅದು.

ಇಲ್ಲಿ ಓದುಗರು ಎಚ್ಚರದಿಂದಿರಬೇಕಾದ ಒಂದು ಅಂಶವಿದೆ. ಪಡಿತರ ಏರಿದ ತಾರೀಖಿಗೆ ಸಾವು ನಿಂತಿತೆಂದು ಭಾವಿಸಬಾರದು. ಪಾವ್ಲೋವ್ ಅವರ ಲೆಕ್ಕದಲ್ಲಿ ಹಸಿವಿನಿಂದ ಸತ್ತವರು ನವೆಂಬರಿನಲ್ಲಿ 11,085 ಮಂದಿ, ಡಿಸೆಂಬರಿನಲ್ಲಿ 52,881 ಮಂದಿ. ಜನವರಿ, ಫೆಬ್ರವರಿಯಲ್ಲಿ ಸಾವು ಇನ್ನೂ ಹೆಚ್ಚಿತು. ತಿಂಗಳುಗಟ್ಟಲೆ ಸವೆದ ದೇಹಕ್ಕೆ 75 ಗ್ರಾಂ ಹೆಚ್ಚಿನ ಬ್ರೆಡ್ ತಡವಾಗಿ ಬಂದ ನೆರವಾಗಿತ್ತು.

ಇದಕ್ಕೆ ತಾನ್ಯಾ ಸವಿಚೆವಾ ಎಂಬ ಬಾಲಕಿಯ ಟಿಪ್ಪಣಿಗಳಿಗಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಗೊತ್ತಿಲ್ಲ. ಬರೆಯಲು ಆರಂಭಿಸಿದಾಗ ಅವಳಿಗೆ ಹನ್ನೊಂದು ವರ್ಷ. ಅಕ್ಕನ ಪುಟ್ಟ ಪುಸ್ತಕದಲ್ಲಿ, ಅಕ್ಷರಮಾಲೆಯ ಕ್ರಮದಲ್ಲಿದ್ದ ಪುಟಗಳಲ್ಲಿ, ಮನೆಯವರು ಒಬ್ಬೊಬ್ಬರೇ ತೀರಿಕೊಂಡಂತೆ ಅವರವರ ಹೆಸರಿನ ಅಕ್ಷರದ ಪುಟದಲ್ಲಿ ದಿನವನ್ನೂ ಗಂಟೆಯನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟಳು. ಅಕ್ಕ ಜೆನ್ಯಾ ತೀರಿಕೊಂಡದ್ದು ಡಿಸೆಂಬರ್ 28ರಂದು, ಪಡಿತರ ಏರಿ ಮೂರು ದಿನಕ್ಕೆ. ಜನವರಿ 24ರಂದು ಪಡಿತರ ಮತ್ತೆ ಏರಿತು; ಅಜ್ಜಿ ತೀರಿಕೊಂಡದ್ದು 25ರ ಮಧ್ಯಾಹ್ನ ಮೂರು ಗಂಟೆಗೆ. ಫೆಬ್ರವರಿ 11ರಂದು ಕಾರ್ಮಿಕರಿಗೆ 500 ಗ್ರಾಂ ಆಯಿತು. ಅಣ್ಣ ಲ್ಯೋಕಾ ಮಾರ್ಚ್ 17ರಂದು ಹೋದ. ಏಪ್ರಿಲ್ 15ರಂದು ಪ್ರಯಾಣಿಕರ ಟ್ರಾಮ್‌ಗಳು ಮತ್ತೆ ಓಡತೊಡಗಿ ನಗರ ಚೇತರಿಸಿಕೊಂಡಿತೆಂದು ಇತಿಹಾಸಗಳು ಬರೆಯುತ್ತವೆ. ಅವಳ ತಾಯಿ ತೀರಿಕೊಂಡದ್ದು ಮೇ 13ರ ಬೆಳಿಗ್ಗೆ ಏಳೂವರೆಗೆ. ಎಲ್ಲರೂ ಸತ್ತರು, ತಾನ್ಯಾ ಒಬ್ಬಳೇ ಉಳಿದಳು ಎಂದು ಅವಳು ಬರೆದಳು. ಅಕ್ಕ ನೀನಾ ಮತ್ತು ಅಣ್ಣ ಮಿಖಾಯಿಲ್ ಬದುಕಿದ್ದರೆಂಬುದು ಅವಳಿಗೆ ತಿಳಿದಿರಲಿಲ್ಲ. ನಗರದಿಂದ ಹೊರಗೆ ಕಳುಹಿಸಲ್ಪಟ್ಟ ತಾನ್ಯಾ ಕೂಡ 1944ರ ಜುಲೈ 1ರಂದು ತೀರಿಕೊಂಡಳು.

ಇದೇ ಬಗೆಯಲ್ಲಿ ಮುಂದಿನ ಪುಟಗಳನ್ನೂ ಜೋಡಿಸಿ ಓದಿ. 1943ರ ಜನವರಿ 18ರ ಕೆಳಗೆ ಸೋವಿಯತ್ ಪಡೆಗಳು ಮುತ್ತಿಗೆಯನ್ನು ಸೀಳಿ ಸರೋವರದ ದಕ್ಷಿಣ ದಂಡೆಯಲ್ಲಿ ಕಿರಿದಾದ ನೆಲದ ದಾರಿ ತೆರೆದ ವಿವರ ನಿಮ್ಮ ಪುಸ್ತಕದಲ್ಲಿ ಖಂಡಿತ ಇರುತ್ತದೆ. ಆ ಪಟ್ಟಿಯಲ್ಲೇ, ಶತ್ರುವಿನ ಫಿರಂಗಿಗಳ ಕಣ್ಣೆದುರಿಗೇ, ಹಳಿ ಹಾಸಿ ಮೊದಲ ರೈಲು ನಗರದ ಫಿನ್ಲೆಂಡ್ ನಿಲ್ದಾಣಕ್ಕೆ ಬಂದದ್ದು ಫೆಬ್ರವರಿ 7ರಂದು. ಮುತ್ತಿಗೆ ಪೂರ್ಣವಾಗಿ ತೆರವಾದ 1944ರ ಜನವರಿ 27ಕ್ಕೆ ಇನ್ನೂ ಸುಮಾರು ಒಂದು ವರ್ಷ ಬಾಕಿ ಇತ್ತು. ಫೆಬ್ರವರಿ 7 ನಿಮ್ಮ ಪುಸ್ತಕದಲ್ಲಿ ಇಲ್ಲದಿದ್ದರೆ ಅಂಚಿನಲ್ಲಿ ನೀವೇ ಬರೆದುಕೊಳ್ಳಿ.