ಜರ್ಮನ್ ಕಲಿಯುವವರಿಗೆ ವ್ಯಾಕರಣ ಎಷ್ಟು ಬೇಕು?

ಪ್ರಶ್ನೆ: ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗುವ ತಯಾರಿಯಲ್ಲಿದ್ದೇನೆ. ಭಾಷೆಯ ಹಂತಗಳಲ್ಲಿ ಎ2 ಆಗಿದೆ, ಮುಂದೆ ಅದರ ಮೇಲಿನ ಬಿ1 ಪರೀಕ್ಷೆ. ಆರ್ಟಿಕಲ್ (ನಾಮಪದಕ್ಕೆ ಮೊದಲು ಬರುವ ದೆರ್, ದೀ, ದಾಸ್) ಟೇಬಲ್ ಪೂರ್ತಿ ಬಾಯಿಪಾಠ ಇದೆ, ಆದರೆ ಮಾತಾಡಲು ಹೋದರೆ ತಡವರಿಸುತ್ತೇನೆ. ವ್ಯಾಕರಣ ಬಿಟ್ಟು ಬರೀ ವಿಡಿಯೊ ನೋಡು ಎನ್ನುತ್ತಾರೆ ಗೆಳತಿಯರು. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ವ್ಯಾಕರಣ ಬಿಡಬೇಡಿ, ಓದುವ ರೀತಿ ಬದಲಿಸಿ.

ಗೆಳತಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಅರ್ಥವಾಗುವಂಥದ್ದನ್ನು ಹೇರಳವಾಗಿ ಕೇಳುವುದು, ಓದುವುದರಿಂದಲೇ ಭಾಷೆ ಬರುತ್ತದೆ, ನಿಯಮಗಳು ತಪ್ಪು ತಿದ್ದಿಕೊಳ್ಳಲಷ್ಟೇ ಎಂದು ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ 1980ರ ದಶಕದಲ್ಲಿ ವಾದಿಸಿದರು. ಆದರೆ ಕೆನಡಾದ ಅನುಭವ ನೋಡಿ. ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಿಂದ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚ್‌ನಲ್ಲೇ ಪಾಠ ಶುರುವಾಯಿತು. ಇಂಥ ಶಾಲೆಗಳ ಮಕ್ಕಳು ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಬಹಳ ಮುಂದೆ ಹೋದರು, ಆದರೆ ವರ್ಷಗಟ್ಟಲೆ ಕಲಿತ ಮೇಲೂ ಲಿಂಗ, ಕ್ರಿಯಾಪದದ ರೂಪಗಳಲ್ಲಿ ತಪ್ಪು ಉಳಿದೇ ಹೋಯಿತು. ಕಾರಣ ಸರಳ. ಆ ಚಿಕ್ಕ ರೂಪಗಳನ್ನು ಗಮನಿಸದಿದ್ದರೂ ಅರ್ಥವಾಗುತ್ತದೆ, ಹಾಗಾಗಿ ಕಿವಿ ಅವನ್ನು ಬಿಟ್ಟುಬಿಡುತ್ತದೆ. ಜರ್ಮನ್‌ನ ಆರ್ಟಿಕಲ್ ರೂಪಗಳಾದ ‘ದೆಮ್’, ‘ದೆನ್’ ಕೂಡ ಅಂಥವೇ. ಕಿವಿ ಬಿಟ್ಟದ್ದನ್ನು ಹಿಡಿಸುವುದೇ ವ್ಯಾಕರಣದ ಕೆಲಸ.

ಇನ್ನು ನಿಮ್ಮ ಟೇಬಲ್. ನಾಲ್ಕು ವಿಭಕ್ತಿ, ಮೂರು ಲಿಂಗ, ಮೇಲೆ ಬಹುವಚನ ಸೇರಿ 16 ಮನೆ. ಮಾತಿನ ನಡುವೆ ಲಿಂಗ ನೆನೆದು, ವಿಭಕ್ತಿ ಗುರುತಿಸಿ, ಸರಿಯಾದ ಮನೆ ಹುಡುಕುವಷ್ಟರಲ್ಲಿ ಎದುರಿನ ರೋಗಿ ಬೇರೆಯದೇ ಕೇಳಿರುತ್ತಾರೆ.

ಆದ್ದರಿಂದ ವಾರಕ್ಕೆ ಒಂದೇ ನಿಯಮ ತೆಗೆದುಕೊಳ್ಳಿ. ‘ಮಿಟ್’ (‘ಜೊತೆ’) ಬಂದರೆ ಮುಂದೆ ದಾಟಿವ್, ಅಂದರೆ ಹೆಚ್ಚುಕಡಿಮೆ ನಮ್ಮ ಚತುರ್ಥಿಯಂಥ ವಿಭಕ್ತಿ, ಎಂಬುದನ್ನೇ ಹಿಡಿಯೋಣ. ನಿಯಮ ಓದಲು ಹತ್ತು ನಿಮಿಷ ಸಾಕು. ಆಮೇಲೆ ಈಗಾಗಲೇ ಅರ್ಥವಾಗಿರುವ ಒಂದು ಪಾಠದ ಆಡಿಯೊ ಹಾಕಿ, ‘ಮಿಟ್’ ಕೇಳಿದಲ್ಲೆಲ್ಲ ಮುಂದಿನ ಆರ್ಟಿಕಲ್ ಬರೆದುಕೊಳ್ಳಿ, ಪುಸ್ತಕ ತೆರೆದು ತಾಳೆ ನೋಡಿ. ಎಷ್ಟು ತಪ್ಪಿಹೋಗಿವೆ ಎಂದು ಅಲ್ಲೇ ಗೊತ್ತಾಗುತ್ತದೆ. ಸಿಕ್ಕವನ್ನು ‘ಮಿಟ್ ದೆಮ್ ಬುಸ್’ (ಬಸ್ಸಿನಲ್ಲಿ), ‘ಮಿಟ್ ದೆರ್ ಬಾನ್’ (ರೈಲಿನಲ್ಲಿ) ಎಂದು ಇಡಿಯಾಗಿ, ಒಂದೇ ಪದದಂತೆ ಕಲಿಯಿರಿ. ಮರುದಿನ ನಿಮ್ಮ ದಿನಚರಿಯ ಮೇಲೆ ಐದು ವಾಕ್ಯ ಬರೆಯಿರಿ. ಅದರ ಮರುದಿನ ಅವನ್ನೇ ನೋಡದೆ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ತಿದ್ದುವಾಗ ಆ ವಾರದ ನಿಯಮವೊಂದನ್ನೇ ತಿದ್ದಿ. ಎಲ್ಲ ತಪ್ಪನ್ನೂ ಒಟ್ಟಿಗೆ ಹಿಡಿಯಲು ಹೋದರೆ ಮಾತೇ ನಿಂತುಹೋಗುತ್ತದೆ.

ಇಲ್ಲೊಂದು ಎಡವುವ ಜಾಗವಿದೆ. ‘ಬಾನ್’ ಸ್ತ್ರೀಲಿಂಗ, ‘ದೀ ಬಾನ್’. ದಾಟಿವ್‌ನಲ್ಲಿ ಅದು ‘ದೆರ್ ಬಾನ್’ ಆಗುತ್ತದೆ. ‘ದೆರ್’ ಎಂದರೆ ಪುಲ್ಲಿಂಗ ಎಂದು ಮೊದಲ ವಾರವೇ ಮನಸ್ಸಿನಲ್ಲಿ ಕೂತಿರುವುದರಿಂದ, ಬಾಯಿಗೆ ಬಂದ ಸರಿ ರೂಪವನ್ನೇ ಅನೇಕರು ತಿದ್ದಿ ತಪ್ಪು ಮಾಡುತ್ತಾರೆ. ವಿಡಿಯೊ ಎಷ್ಟೇ ನೋಡಿದರೂ ಈ ಗೊಂದಲ ಬಗೆಹರಿಯುವುದು ಕಷ್ಟ, ಹತ್ತು ನಿಮಿಷದ ನಿಯಮ ಬಗೆಹರಿಸುತ್ತದೆ.

ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯೆಥೆ ಸಂಸ್ಥೆಯ ಬಿ1 ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಬರವಣಿಗೆ, ಮಾತು ಎಂದು ನಾಲ್ಕು ಭಾಗ. ಪ್ರತಿಯೊಂದರಲ್ಲೂ 100ಕ್ಕೆ 60 ಬರಬೇಕು. ವ್ಯಾಕರಣಕ್ಕೆಂದೇ ಪತ್ರಿಕೆ ಇಲ್ಲ, ಆದರೆ ಬರೆದದ್ದರಲ್ಲೂ ಆಡಿದ್ದರಲ್ಲೂ ಅದನ್ನು ನೋಡಿ ಅಂಕ ಕೊಡುತ್ತಾರೆ.

ಪ್ರಶ್ನೆ: ಕನ್ನಡ ಮೀಡಿಯಂನಲ್ಲಿ ಓದಿದವನು. ಇಂಗ್ಲಿಷ್ ಗ್ರಾಮರ್ ಗಟ್ಟಿ ಮಾಡಿಕೊಂಡೇ ಜರ್ಮನ್‌ಗೆ ಹೋಗಬೇಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಖಂಡಿತ ಬೇಡ. ಶಾಲೆಯಲ್ಲಿ ಕಲಿತ ವಿಭಕ್ತಿಯನ್ನು ಒಮ್ಮೆ ತಿರುವಿಹಾಕಿ, ಅದೇ ಹತ್ತಿರದ ದಾರಿ. ‘ನನಗೆ ಚಳಿ’ ಎನ್ನುವುದು ಜರ್ಮನ್‌ನಲ್ಲಿ ‘ಮೀರ್ ಇಸ್ಟ್ ಕಾಲ್ಟ್’. ‘ಮೀರ್’ ಅಂದರೆ ನೇರವಾಗಿ ‘ನನಗೆ’. ಇಂಗ್ಲಿಷ್ ಮೂಲಕ ಹೋದವರು ‘ಇಶ್ ಬಿನ್ ಕಾಲ್ಟ್’ (‘ನಾನು ತಣ್ಣಗಿದ್ದೇನೆ’) ಎಂದುಬಿಡುತ್ತಾರೆ. ‘ನಿನಗೆ ಸಹಾಯ ಮಾಡುತ್ತೇನೆ’ ಎನ್ನುವಾಗಲೂ ಅಲ್ಲಿ ದಾಟಿವ್‌ನ ‘ದೀರ್’. ‘ವೈಲ್’, ಅಂದರೆ ‘ಏಕೆಂದರೆ’, ಬಂದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವುದು ನಮಗೆ ವಿಚಿತ್ರವೇ ಅಲ್ಲ.

ಆದರೆ ಕಣ್ಣುಮುಚ್ಚಿ ಹೊಂದಿಸಬೇಡಿ. ನಾವು ‘ನಿನಗೆ ಫೋನ್ ಮಾಡುತ್ತೇನೆ’ ಎನ್ನುತ್ತೇವೆ, ಅವರದು ‘ನಿನ್ನನ್ನು’: ‘ಇಶ್ ರೂಫೆ ದಿಶ್ ಆನ್’. ಇದಕ್ಕಿಂತ ದೊಡ್ಡ ತೊಡಕು ಸ್ಥಳದ್ದು. ‘ಹಾಸಿಗೆಯಲ್ಲಿ’ ಅಂದರೆ ‘ಇಮ್ ಬೆಟ್’, ದಾಟಿವ್. ‘ಹಾಸಿಗೆಗೆ’ ಅಂದರೆ ‘ಇನ್ಸ್ ಬೆಟ್’, ಅದು ಅಕುಸಾಟಿವ್, ನಮ್ಮ ‘ಅನ್ನು’ವಿನಂಥ ವಿಭಕ್ತಿ. ನಮ್ಮ ಚತುರ್ಥಿಯ ‘ಗೆ’ ಇಲ್ಲಿ ಅವರ ದಾಟಿವ್ ಅಲ್ಲ! ವಿಭಕ್ತಿಯ ಹೆಸರು ನೋಡಬೇಡಿ, ‘ಎಲ್ಲಿ’ಯೋ ‘ಎಲ್ಲಿಗೆ’ಯೋ ಎಂದು ಕೇಳಿಕೊಳ್ಳಿ. ‘ಇನ್’ (ಒಳಗೆ), ‘ಔಫ್’ (ಮೇಲೆ) ಇಂಥ ಪದಗಳ ಜೊತೆ ಎಲ್ಲಿ ಎಂದರೆ ದಾಟಿವ್, ಎಲ್ಲಿಗೆ ಎಂದರೆ ಅಕುಸಾಟಿವ್. ಇದೂ ಕೈಕೊಡುವುದು ಒಂದು ಕಡೆ. ‘ಲೋಟ ಎಲ್ಲಿ ಇಡಲಿ’ ಎಂದೇ ನಾವು ಕೇಳುವುದು, ಜರ್ಮನ್ನರು ಇಡುವಾಗ ‘ಎಲ್ಲಿಗೆ’ ಎನ್ನುತ್ತಾರೆ. ಲೋಟ ಮೇಜಿನ ಮೇಲೆ ಇದ್ದರೆ ‘ಔಫ್ ದೆಮ್ ಟಿಶ್’, ಮೇಜಿನ ಮೇಲೆ ಇಟ್ಟರೆ ‘ಔಫ್ ದೆನ್ ಟಿಶ್’. ನಮ್ಮ ‘ಮೇಲೆ’ ಎರಡು ಕಡೆಯೂ ಬದಲಾಗುವುದಿಲ್ಲ, ತಪ್ಪುವುದು ಅದಕ್ಕೇ.

ಪ್ರಶ್ನೆ: ದೆರ್, ದೀ, ದಾಸ್ ನೆನಪಿಡಲು ಸೂತ್ರ ಇದೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅರ್ಧಂಬರ್ಧ ಇದೆ. ‘ಉಂಗ್’, ‘ಹೈಟ್’, ‘ಕೈಟ್’, ‘ಶಾಫ್ಟ್’ ಪ್ರತ್ಯಯಗಳಿಂದ ಆದ ನಾಮಪದಗಳು ಸ್ತ್ರೀಲಿಂಗ. ‘ಶೆನ್’ ಪ್ರತ್ಯಯ ಸೇರಿದರೆ ನಪುಂಸಕ, ಹುಡುಗಿ ಎಂಬರ್ಥದ ‘ಮೇಡ್‌ಶೆನ್’ ಕೂಡ. ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಅಂಥವನ್ನು ಆರ್ಟಿಕಲ್ ಸಮೇತ ಕಲಿಯುವುದೇ ದಾರಿ.

ಪ್ರಶ್ನೆ: ಮುಂದಿನ ಹಂತದ ವ್ಯಾಕರಣ ಈಗಲೇ ಓದಿಟ್ಟರೆ ಲಾಭವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಅಷ್ಟೇನಿಲ್ಲ. ಜರ್ಮನ್ ಕಲಿಯುತ್ತಿದ್ದ ಇಟಾಲಿಯನ್ ಮಕ್ಕಳ ಮಾತನ್ನು ಭಾಷಾವಿಜ್ಞಾನಿ ಮಾನ್‌ಫ್ರೆಡ್ ಪೀನೆಮಾನ್ ಅಧ್ಯಯನ ಮಾಡಿ, 1984ರಲ್ಲಿ ಒಂದು ಅಂಶ ತೋರಿಸಿದರು: ಪದಕ್ರಮದ ಹೊಸ ನಿಯಮ ನಾಲಿಗೆಗೆ ಬಂದದ್ದು ಅದರ ಹಿಂದಿನ ಹಂತ ಮುಟ್ಟಿದ್ದವರಿಗೆ ಮಾತ್ರ. ‘ಹೊಯ್ಟೆ ಗೇಯೆ ಇಶ್’ (‘ಇವತ್ತು ಹೋಗುತ್ತೇನೆ ನಾನು’) ಎನ್ನುವಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲಿರಬೇಕು. ಅದರ ಬದಲು ‘ಹೊಯ್ಟೆ ಇಶ್ ಗೇಯೆ’ ಎಂದು ಇನ್ನೂ ಬಾಯಿಗೆ ಬರುತ್ತಿದ್ದರೆ, ‘ವೈಲ್’ ವಾಕ್ಯಗಳ ಪಾಠವನ್ನು ಎರಡು ವಾರ ಮುಂದಕ್ಕೆ ಹಾಕಿ ಇದನ್ನೇ ಅಭ್ಯಾಸ ಮಾಡಿ.