ಗಣಿ ಅಗೆದು ಬಿಟ್ಟ ನೆಲದಲ್ಲಿ ಗಿಡ ಬೆಳೆಸೋಕೆ ಸ್ಥಳೀಯ ಶಿಲೀಂಧ್ರಗಳು ನಿಜವಾಗಲೂ ಸಹಾಯ ಮಾಡುತ್ತವಾ?

ಮಾಡುತ್ತವೆ. ಆದರೆ ಸುಮ್ನೆ ಶಿಲೀಂಧ್ರದ ಪುಡಿ ಚೆಲ್ಲಿದರೆ ಕಾಡು ಬರಲ್ಲ.

ಮೇಲ್ಮಣ್ಣು ಹೋದಾಗ ಅದರ ಜೊತೆ ಮೈಕೋರೈಜಾ ಶಿಲೀಂಧ್ರಗಳೂ ಹೋಗುತ್ತವೆ. ಇವು ಬೇರಿಗೆ ಸೇರಿಕೊಂಡು, ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳನ್ನು ಮಣ್ಣಿಗೆ ಚಾಚುತ್ತವೆ. ಗಿಡಕ್ಕೆ ಬೇಕಾದ ರಂಜಕ (ಫಾಸ್ಫರಸ್) ಮಣ್ಣಲ್ಲಿ ಜಾಸ್ತಿ ಹರಿದಾಡಲ್ಲ. ಬೇರಿನ ಸುತ್ತ ಒಂದೆರಡು ಮಿಲಿಮೀಟರ್‌ನಲ್ಲಿ ಅದು ಖಾಲಿಯಾದರೆ, ಆಚೆಯಿಂದ ತಂದುಕೊಡುವುದು ಈ ಎಳೆಗಳೇ. ಬದಲಿಗೆ ಗಿಡ ಸಕ್ಕರೆ ಕೊಡುತ್ತದೆ. ಸಡಿಲ ಮಣ್ಣಿನ ಕಣಗಳನ್ನೂ ಇವು ಹಿಡಿದಿಡುತ್ತವೆ.

ಸ್ಥಳೀಯವೇ ಯಾಕೆ? ಅಲ್ಲಿನ ಹವೆಗೂ ಗಿಡಗಳಿಗೂ ಒಗ್ಗಿಕೊಂಡಿರುತ್ತವೆ ಅಲ್ವಾ. ಪಕ್ಕದ ಹಾಳಾಗದ ನೆಲದಿಂದ ಸಣ್ಣ ಬೇರುಗಳ ಸಮೇತ ಸ್ವಲ್ಪವೇ ಮೇಲ್ಮಣ್ಣು ತಂದು, ಕುಂಡದಲ್ಲಿ ಜೋಳವನ್ನೋ ಹುಲ್ಲನ್ನೋ ಬೆಳೆಸಿ ಶಿಲೀಂಧ್ರ ಹೆಚ್ಚಿಸುತ್ತಾರೆ. ಆ ಮಣ್ಣನ್ನು ನರ್ಸರಿ ಚೀಲಕ್ಕೆ ಬೆರೆಸಿದರೆ, ಸಸಿ ನೆಡುವ ಹೊತ್ತಿಗೆ ಬೇರಿನಲ್ಲಿ ಶಿಲೀಂಧ್ರ ನೆಲೆಸಿರುತ್ತದೆ. ಪೈನ್‌ನಂಥ ಕೆಲವು ಮರಗಳಿಗೆ ಬೇರೆ ಗುಂಪಿನ ಶಿಲೀಂಧ್ರವೇ ಬೇಕು.

ರಂಜಕದ ಗೊಬ್ಬರ ಸುರಿಯಬೇಡಿ, ಆಗ ಗಿಡ ಶಿಲೀಂಧ್ರವನ್ನು ಹತ್ತಿರ ಸೇರಿಸುವುದೇ ಕಡಿಮೆ. ನೆಲ ತೀರಾ ಹುಳಿಯಾಗಿದ್ದರೆ ಮೊದಲು ಸುಣ್ಣ ಹಾಕಿ. ಗಣಿ ಇನ್ನೂ ಶುರುವಾಗಿಲ್ಲವೆಂದರೆ, ತೆಗೆದ ಮೇಲ್ಮಣ್ಣನ್ನು ವರ್ಷಗಟ್ಟಲೆ ಎತ್ತರದ ಗುಡ್ಡೆ ಹಾಕಿ ಇಡದೆ ಬೇಗ ಮರಳಿ ಹರಡುವುದು ಎಲ್ಲಕ್ಕಿಂತ ಅಗ್ಗದ ದಾರಿ.